ಗುಜರಿ, ಗುರುತು ಮತ್ತು ಕಾನೂನು: ಕೊಪ್ಪಳ ಸೀಮೆಯಲ್ಲಿ ಹಳೆಯ ಲೋಹದ ವ್ಯಾಪಾರದ ನಿಯಂತ್ರಣ

ಪೀಠಿಕೆ

ಲೋಹದ ವಸ್ತುಗಳನ್ನು ಕುರಿತ ಜಾನಪದ ಅಧ್ಯಯನವು ಬಹುಮಟ್ಟಿಗೆ ಅವುಗಳ ತಯಾರಿಕೆ ಮತ್ತು ಬಳಕೆಯನ್ನು ಆಧರಿಸಿದೆ. ಕಮ್ಮಾರನ ಕುಲುಮೆ, ಕಂಚುಗಾರನ ಎರಕ, ಮದುವೆಯ ಬಾಂಡೆ ಸಾಮಾನು, ದೇವರ ಗಂಟೆ ಇವೆಲ್ಲವೂ ವಿದ್ವಾಂಸರ ಗಮನ ಸೆಳೆದಿವೆ. ಆದರೆ ವಸ್ತು ಮುರಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ, ಯಾರ ಕೈಗೆ ಸೇರುತ್ತದೆ, ಅದರ ಒಡೆತನವನ್ನು ಸಮಾಜ ಹೇಗೆ ಗುರುತಿಸುತ್ತದೆ ಎಂಬ ಪ್ರಶ್ನೆಗಳಿಗೆ ಅಷ್ಟಾಗಿ ಅವಕಾಶ ದೊರೆತಿಲ್ಲ. ಹಳೆಯ ಲೋಹದ ವ್ಯಾಪಾರ ಅಥವಾ ಗುಜರಿ ವ್ಯಾಪಾರವು ಈ ಪ್ರಶ್ನೆಗಳು ಒಂದೆಡೆ ಕೂಡುವ ಕ್ಷೇತ್ರವಾಗಿದೆ. ಕಳ್ಳತನವನ್ನು ತಡೆಯುವ ಉದ್ದೇಶದಿಂದ ಪ್ರಭುತ್ವವು ಈ ವ್ಯಾಪಾರದ ಮೇಲೆ ವಿಧಿಸುತ್ತ ಬಂದಿರುವ ನಿಯಂತ್ರಣಗಳನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಸೀಮೆಯ ಹಿನ್ನೆಲೆಯಲ್ಲಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ನಾಲ್ಕು ತಾಲ್ಲೂಕುಗಳು 1948ರವರೆಗೆ ಹೈದರಾಬಾದ್ ನಿಜಾಮನ ಆಳ್ವಿಕೆಗೆ ಒಳಪಟ್ಟಿದ್ದವು. ಕೊಪ್ಪಳ ಮತ್ತು ಯಲಬುರ್ಗಾ ಪ್ರದೇಶಗಳು ಸಾಲಾರ್ ಜಂಗ್ ಮನೆತನದ ಜಹಗೀರಿಗೆ ಸೇರಿದ್ದವು. 1956ರ ಏಕೀಕರಣದ ತರುವಾಯ ಇವು ರಾಯಚೂರು ಜಿಲ್ಲೆಯ ಭಾಗವಾಗಿ ಮೈಸೂರು ರಾಜ್ಯಕ್ಕೆ ಬಂದವು. 1997ರಲ್ಲಿ ಇವನ್ನೇ ಒಳಗೊಂಡು ಕೊಪ್ಪಳ ಜಿಲ್ಲೆ ರೂಪುಗೊಂಡಿತು. ಕುಕನೂರು, ಕನಕಗಿರಿ ಮತ್ತು ಕಾರಟಗಿಗಳು ಆಮೇಲೆ ಪ್ರತ್ಯೇಕ ತಾಲ್ಲೂಕುಗಳಾದವು. ಗಂಗಾವತಿಯ ಹಿರೇಬೆಣಕಲ್ಲಿನ ಬೃಹತ್ ಶಿಲಾಸಮಾಧಿಗಳು ಕಬ್ಬಿಣ ಯುಗಕ್ಕೆ ಸೇರಿದವು. ಅಂದಿನಿಂದ ಗಿಣಿಗೇರಿಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಗಳವರೆಗೆ ಲೋಹದೊಡನೆ ಈ ನೆಲದ ಸಂಬಂಧ ದೀರ್ಘವಾದುದು.

ಪದ ಮತ್ತು ವ್ಯವಹಾರ

‘ಗುಜರಿ’ ಎಂಬ ಪದವು ಹಿಂದೂಸ್ತಾನಿಯ ‘ಗುಜ್ರಿ’ಯಿಂದ ಬಂದುದು, ಬೀದಿಯ ಬದಿಯಲ್ಲಿ ಸಂಜೆಯ ಹೊತ್ತು ನೆರೆಯುವ ಸಂತೆ ಎಂಬುದು ಅದರ ಮೂಲಾರ್ಥ. ಕನ್ನಡದಲ್ಲಿ ಅದು ಹಳೆಯ ಸಾಮಾನಿಗೂ ಅದನ್ನು ಕೊಳ್ಳುವ ಅಂಗಡಿಗೂ ನಿಂತಿತು. ಉತ್ತರ ಕರ್ನಾಟಕದಲ್ಲಿ ಇದರ ಜೊತೆಗೆ ‘ಮೋಡಕಾ’ ಎಂಬ ಪದವೂ ಬಳಕೆಯಲ್ಲಿದೆ. ಮರಾಠಿಯಲ್ಲಿ ಅದಕ್ಕೆ ‘ಮುರಿದದ್ದು’ ಎಂದರ್ಥ. ಮೊದಲನೆಯ ಪದ ಮಾರಾಟದ ಸ್ಥಳವನ್ನೂ ಎರಡನೆಯದು ವಸ್ತುವಿನ ಸ್ಥಿತಿಯನ್ನೂ ಹೇಳುತ್ತವೆ. ಕಾನೂನಿನ ಗಮನವೂ ಈ ಎರಡರ ಮೇಲೆಯೇ ನೆಟ್ಟಿರುವುದನ್ನು ಮುಂದೆ ಕಾಣಬಹುದು.

ವ್ಯಾಪಾರದಲ್ಲಿ ಲೋಹಗಳ ವಿಂಗಡಣೆ ಸ್ಪಷ್ಟವಾಗಿದೆ. ಕಬ್ಬಿಣದಲ್ಲಿ ಗಟ್ಟಿ ಕಬ್ಬಿಣ, ತಗಡು, ಬೀಡು ಎಂಬ ಭೇದಗಳಿವೆ. ಅಲ್ಯೂಮಿನಿಯಂ ಪಾತ್ರೆಗೆ ಈ ಭಾಗದ ಹೆಸರು ‘ಜರ್ಮನ್’. ಹಿತ್ತಾಳೆ, ಕಂಚು, ತಾಮ್ರಗಳಿಗೆ ಬೇರೆ ಬೇರೆ ದರ. ತಾಮ್ರದ ಬೆಲೆ ಕಬ್ಬಿಣದ ಬೆಲೆಗಿಂತ ಹಲವು ಪಟ್ಟು ಹೆಚ್ಚು. ವ್ಯವಹಾರದ ಸರಪಳಿಯಲ್ಲಿ ಸ್ಥೂಲವಾಗಿ ನಾಲ್ಕು ಹಂತಗಳನ್ನು ಗುರುತಿಸಬಹುದು. ತಲೆಯ ಮೇಲೆ ಬುಟ್ಟಿ ಹೊತ್ತು, ಸೈಕಲ್ ಅಥವಾ ತಳ್ಳುಗಾಡಿಯಲ್ಲಿ ಓಣಿ ಓಣಿ ತಿರುಗಿ ಕೊಳ್ಳುವವರು ಮೊದಲನೆಯವರು. ಇವರಲ್ಲಿ ಕೆಲವರು ಹಣದ ಬದಲು ಉಳ್ಳಾಗಡ್ಡಿ, ಬೆಂಡು ಬತ್ತಾಸು ಅಥವಾ ಹೊಸ ಪಾತ್ರೆಯನ್ನು ಕೊಡುತ್ತಿದ್ದುದೂ ಉಂಟು. ಊರಿನ ಅಂಚಿನಲ್ಲಿ ತಕ್ಕಡಿ ಇಟ್ಟುಕೊಂಡ ಸಣ್ಣ ಅಂಗಡಿಯವರು ಎರಡನೆಯವರು. ಸಣ್ಣ ಅಂಗಡಿಗಳ ಮಾಲನ್ನು ಲಾರಿಯ ಲೆಕ್ಕದಲ್ಲಿ ಸಂಗ್ರಹಿಸುವ ದೊಡ್ಡ ವ್ಯಾಪಾರಿಗಳು ಮೂರನೆಯವರು. ಕುಲುಮೆ, ಎರಕದ ಮನೆ ಮತ್ತು ಉಕ್ಕಿನ ಕಾರ್ಖಾನೆಗಳು ಕೊನೆಯ ಹಂತ.

ಈ ಸರಪಳಿಗೆ ಇನ್ನೊಂದು ಕವಲು ಇದೆ. ಊರ ಹೊರಗಿನ ಬಯಲಿನಲ್ಲಿ ಬಿಡಾರ ಹೂಡುವ ಬೈಲಕಮ್ಮಾರರು ಅಥವಾ ಘಿಸಾಡಿಗಳು ಹಳೆಯ ಕಬ್ಬಿಣವನ್ನೇ ಕೊಂಡು ಕುಡುಗೋಲು, ಕೊಡಲಿ, ಬಾಚಿಗಳನ್ನು ಮಾಡುವವರು. ಲಾರಿಯ ಸವೆದ ಕಮಾನು ಪಟ್ಟಿಯು ಒಳ್ಳೆಯ ಉಕ್ಕಾದುದರಿಂದ ಅವರಿಗೆ ಅದು ಮೆಚ್ಚಿನ ಸಾಮಗ್ರಿ. ಇವರ ಪಾಲಿಗೆ ಗುಜರಿಯೇ ಕಚ್ಚಾವಸ್ತು. ಆದುದರಿಂದ ಗುಜರಿ ಅಂಗಡಿಗೆ ಹಾಕಿದ ಯಾವುದೇ ಕಟ್ಟುಪಾಡು ಒಂದು ಜಾನಪದ ಕಸುಬನ್ನು ನೇರವಾಗಿ ಮುಟ್ಟುತ್ತದೆ.

ಗುರುತಿನ ಸಂಪ್ರದಾಯ

ಪಾರಂಪರಿಕ ಗ್ರಾಮದಲ್ಲಿ ಲೋಹವು ಗುರುತುಳ್ಳ ವಸ್ತುವಾಗಿತ್ತು. ಮದುವೆಯಲ್ಲಿ ತವರಿನವರು ಕೊಡುವ ಕೊಡ, ತಂಬಿಗೆ, ಪರಾತಗಳ ಮೇಲೆ ಚುಕ್ಕಿಯ ಅಕ್ಷರಗಳಲ್ಲಿ ಹೆಸರು ಕೊರೆಸುವುದು ವಾಡಿಕೆ. ಕೊಟ್ಟವರ ಹೆಸರು, ಪಡೆದವರ ಹೆಸರು, ಊರು, ಕೆಲವೊಮ್ಮೆ ದಿನಾಂಕ ಇವು ಅದರಲ್ಲಿ ಇರುತ್ತವೆ. ಆಯೇರಿಯಾಗಿ ಬಂದ ಪಾತ್ರೆ ಹೀಗೆ ಬಂಧುತ್ವದ ದಾಖಲೆಯೂ ಆಗುತ್ತದೆ. ದೇವಸ್ಥಾನದ ಅಡುಗೆ ಪಾತ್ರೆಗಳನ್ನು ಊರವರ ಮದುವೆಗಳಿಗೆ ಎರವಲು ಕೊಡುವಲ್ಲಿ ಅವುಗಳ ಮೇಲೆ ದೇವರ ಹೆಸರನ್ನು ಕೊರೆಸಿರುತ್ತಾರೆ. ಇಂಥ ಪಾತ್ರೆಯೊಂದು ಬೇರೊಬ್ಬನ ಕೈಯಲ್ಲಿ ಕಂಡರೆ ಅದು ತನ್ನ ಒಡೆಯನನ್ನು ತಾನೇ ಹೇಳುತ್ತದೆ.

ಕಬ್ಬಿಣದ ವಿಷಯದಲ್ಲಿ ಗುರುತಿನ ಕೆಲಸವನ್ನು ಆಯದ ವ್ಯವಸ್ಥೆ ನಿರ್ವಹಿಸುತ್ತಿತ್ತು. ರೈತನ ಕುಂಟೆಯ ಕುಡವನ್ನು ಹಣಿಸುವುದು, ಸವೆದ ಕಬ್ಬಿಣಕ್ಕೆ ತುದಿ ಕೂಡಿಸುವುದು ಊರ ಕಮ್ಮಾರನ ಹೊಣೆ. ಸುಗ್ಗಿಯಲ್ಲಿ ಅವನಿಗೆ ಧಾನ್ಯದ ಆಯ ಸಲ್ಲುತ್ತಿತ್ತು. ಯಾವ ಮನೆಯ ಕುಡ ಯಾವುದು ಎಂಬುದನ್ನು ಕಮ್ಮಾರನ ಕೈ ಬಲ್ಲುದಾಗಿತ್ತು. ಕದ್ದ ಕುಡವನ್ನು ಅದೇ ಊರಿನ ಕುಲುಮೆಗೆ ತರುವುದು ಸಾಧ್ಯವಿರಲಿಲ್ಲ.

ಕಳವಾದಾಗ ಮಾಲನ್ನು ಪತ್ತೆಹಚ್ಚುವ ಹೊಣೆ ತಳವಾರನದು. ದಖ್ಖನ್ನಿನ ಗ್ರಾಮ ವ್ಯವಸ್ಥೆಯಲ್ಲಿ ಅವನು ಹೆಜ್ಜೆಯ ಜಾಡು ಹಿಡಿದು ಹೋಗಿ, ಜಾಡು ನೆರೆಯೂರಿನ ಗಡಿಯನ್ನು ದಾಟಿದರೆ ಅಲ್ಲಿಯ ತಳವಾರನಿಗೆ ಅದನ್ನು ಒಪ್ಪಿಸುತ್ತಿದ್ದನು. ಪತ್ತೆಯಾಗದಿದ್ದಲ್ಲಿ ನಷ್ಟವನ್ನು ಕಾವಲುಗಾರನೋ ಊರೋ ತುಂಬಿಕೊಡಬೇಕೆಂಬ ಕಟ್ಟಳೆಯೂ ಹಲವೆಡೆ ಇದ್ದಿತು. ಈ ಏರ್ಪಾಡನ್ನು ಆದರ್ಶವೆಂದು ಭಾವಿಸಬೇಕಾಗಿಲ್ಲ. ಊರಿನವರಲ್ಲದವರ ಮೇಲೆ ಅನುಮಾನ ಬೀಳುವುದು ಅದರಲ್ಲಿಯೂ ಸಹಜವಾಗಿತ್ತು. ಆದರೆ ಅದರ ಆಧಾರ ವಸ್ತುವಿನ ಗುರುತು ಮತ್ತು ಪರಿಚಿತರ ತಿಳಿವಳಿಕೆ ಎಂಬುದು ಗಮನಾರ್ಹ.

ಈ ಆಧಾರ ಕುಸಿಯುವುದು ಲೋಹವು ಕರಗಿದಾಗ. ಅಲ್ಯೂಮಿನಿಯಂ ಸುಮಾರು 660 ಡಿಗ್ರಿ, ಹಿತ್ತಾಳೆ ಸುಮಾರು 900ರಿಂದ 940 ಡಿಗ್ರಿ, ತಾಮ್ರ 1085 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗುತ್ತವೆ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಬೇಕು. ಮೊದಲ ಮೂರನ್ನು ಸಣ್ಣ ಮೂಸೆಯಲ್ಲಿ ಹಿತ್ತಿಲಲ್ಲಿಯೇ ಕರಗಿಸಬಹುದು. ಕಬ್ಬಿಣವನ್ನು ಊರ ಕುಲುಮೆಯಲ್ಲಿ ಕಾಯಿಸಿ ಬಡಿಯಬಹುದೇ ಹೊರತು ಕರಗಿಸಲಾಗದು. ಅದಕ್ಕೆ ಕಾರ್ಖಾನೆಯ ದೊಡ್ಡ ಕುಲುಮೆಯೇ ಆಗಬೇಕು. ನಿಯಂತ್ರಣದ ದೃಷ್ಟಿಯಿಂದ ಈ ಭೇದ ಮುಖ್ಯವಾದುದು. ಕರಗಿಸಬೇಕಾದ ಕಬ್ಬಿಣದ ಗುಜರಿ ಕಟ್ಟಕಡೆಗೆ ಲೆಕ್ಕಪತ್ರವಿರುವ ಕಾರ್ಖಾನೆಯ ಬಾಗಿಲಿಗೆ ಬಂದೇ ಬರುತ್ತದೆ. ತಾಮ್ರ ಹಿತ್ತಾಳೆಗಳು ಮಾತ್ರ ನಡುದಾರಿಯಲ್ಲಿಯೇ ತಮ್ಮ ಹೆಸರನ್ನು ಕಳೆದುಕೊಳ್ಳಬಲ್ಲವು.

ಹೊಸ ಲೋಹ, ಹೊಸ ಕಳವು

ಇಪ್ಪತ್ತನೆಯ ಶತಮಾನದಲ್ಲಿ ಈ ಸೀಮೆಗೆ ಬಂದ ಲೋಹ ಹೆಚ್ಚಾಗಿ ಮನೆಯೊಳಗಿನದಲ್ಲ, ಬಯಲಿನದು. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಗದಗ–ಹೊಸಪೇಟೆ ರೈಲು ಮಾರ್ಗ ಕೊಪ್ಪಳವನ್ನು ಹಾದುಹೋಗಿತ್ತು. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯಿಂದ ಗಂಗಾವತಿ ಭತ್ತದ ನಾಡಾಯಿತು. ತೂಬುಗಳ ಕಬ್ಬಿಣದ ಬಾಗಿಲು, ಅಕ್ಕಿ ಗಿರಣಿಗಳ ಯಂತ್ರ, ಪಂಪುಗಳು ಬಂದವು. ಕಾಲುವೆಯಿಲ್ಲದ ಕುಷ್ಟಗಿ ಮತ್ತು ಯಲಬುರ್ಗಾದ ಒಣಭೂಮಿಯಲ್ಲಿ ಕೊಳವೆಬಾವಿ ಹರಡಿತು. ಅದರೊಡನೆ ಹೊಲದ ನಡುವೆ ಮೋಟರು, ಕೇಬಲ್, ವಿದ್ಯುತ್ ಪರಿವರ್ತಕಗಳು ನಿಂತವು. ಈಚಿನ ವರ್ಷಗಳಲ್ಲಿ ಯಲಬುರ್ಗಾ, ಕುಕನೂರು, ಕುಷ್ಟಗಿಯ ಎರೆಭೂಮಿಯಲ್ಲಿ ಗಾಳಿಯಂತ್ರಗಳೂ ಎದ್ದಿವೆ. 2025ರಲ್ಲಿ ಕುಷ್ಟಗಿಗೆ ರೈಲು ಬಂದಿತು.

ಇವೆಲ್ಲವೂ ರಾತ್ರಿ ಕಾವಲಿಲ್ಲದ ಜಾಗದಲ್ಲಿರುವ ಬೆಲೆಬಾಳುವ ಲೋಹಗಳು. ಹೆಸರು ಕೊರೆಸಿದ ಕೊಡಕ್ಕೂ ಪರಿವರ್ತಕದೊಳಗಿನ ಸುರುಳಿಗೂ ಇರುವ ಅಂತರ ದೊಡ್ಡದು. ತಂತಿಗೆ ಮುಖವಿಲ್ಲ, ಮೇಲಿನ ಹೊದಿಕೆಯನ್ನು ಸುಟ್ಟರೆ ಒಂದು ತಂತಿ ಇನ್ನೊಂದರಂತೆಯೇ ಕಾಣುತ್ತದೆ. ಇಲ್ಲಿ ಕಳ್ಳನಿಗೆ ಸಿಗುವ ಲಾಭಕ್ಕೂ ಒಡೆಯನಿಗಾಗುವ ನಷ್ಟಕ್ಕೂ ಯಾವ ಹೊಂದಾಣಿಕೆಯೂ ಇಲ್ಲ. ಕೊಳವೆಬಾವಿಯ ಕೇಬಲ್ಲನ್ನು ಕತ್ತರಿಸಿದವನಿಗೆ ಗುಜರಿಯ ದರವಷ್ಟೇ ದೊರೆಯುತ್ತದೆ. ರೈತ ಹೊಸ ಕೇಬಲ್ಲಿನ ಬೆಲೆಯ ಜೊತೆಗೆ ನೀರಿಲ್ಲದೆ ಒಣಗಿದ ಬೆಳೆಯನ್ನೂ ತೆರಬೇಕಾಗುತ್ತದೆ. ಪರಿವರ್ತಕವೊಂದು ಹೋದರೆ ಅದನ್ನು ಆಶ್ರಯಿಸಿದ ಎಲ್ಲ ಹೊಲಗಳೂ, ಒಮ್ಮೊಮ್ಮೆ ಇಡೀ ಊರೂ ಕತ್ತಲಲ್ಲಿ ಉಳಿಯುತ್ತವೆ. ಗುಜರಿ ವ್ಯಾಪಾರದ ನಿಯಂತ್ರಣಕ್ಕೆ ಸಮರ್ಥನೆ ದೊರೆಯುವುದು ಈ ಅಸಮತೆಯಿಂದ. ಕೊಳ್ಳುವವನಿಲ್ಲದಿದ್ದರೆ ಇಂಥ ಕಳವಿಗೆ ಅರ್ಥವೇ ಇಲ್ಲ.

ಕಾನೂನಿನ ಚೌಕಟ್ಟು

ಕೊಪ್ಪಳ ಸೀಮೆಯ ಗುಜರಿ ಅಂಗಡಿಯವನನ್ನು ಬಂಧಿಸುವ ನಿಯಮಗಳು ಒಂದೇ ಕಾಯ್ದೆಯಲ್ಲಿ ಅಡಕವಾಗಿಲ್ಲ. ಹಲವು ಕಾಲದ ಹಲವು ಕಾಯ್ದೆಗಳಲ್ಲಿ ಹರಡಿವೆ. ಅವನ್ನು ಮೂರು ಬಗೆಯಾಗಿ ವಿಂಗಡಿಸಿ ನೋಡಬಹುದು.

ಮೊದಲನೆಯದು ಕದ್ದ ಮಾಲನ್ನು ಪಡೆಯುವುದನ್ನು ಕುರಿತ ಸಾಮಾನ್ಯ ಅಪರಾಧ ಕಾನೂನು. 1860ರ ಭಾರತ ದಂಡ ಸಂಹಿತೆಯ 410ರಿಂದ 414ರವರೆಗಿನ ಕಲಮುಗಳು ಇದಕ್ಕೆ ಸಂಬಂಧಿಸಿದ್ದವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮು ಅವುಗಳ ಸ್ಥಾನದಲ್ಲಿದೆ. ಮಾಲು ಕದ್ದದ್ದೆಂದು ತಿಳಿದು, ಅಥವಾ ಹಾಗೆ ನಂಬಲು ಕಾರಣವಿದ್ದೂ, ಅಪ್ರಾಮಾಣಿಕವಾಗಿ ಅದನ್ನು ಪಡೆದವನಿಗೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಇಂಥ ವ್ಯವಹಾರವನ್ನೇ ರೂಢಿ ಮಾಡಿಕೊಂಡವನಿಗೆ ಜೀವಾವಧಿ ಅಥವಾ ಹತ್ತು ವರ್ಷಗಳವರೆಗಿನ ಶಿಕ್ಷೆಗೆ ಅವಕಾಶವಿದೆ. ಕಳವಾದ ಸ್ವಲ್ಪ ಕಾಲದಲ್ಲಿಯೇ ಮಾಲು ಯಾರ ಬಳಿ ಸಿಕ್ಕಿತೋ ಅವನು ಅದಕ್ಕೆ ವಿವರಣೆ ಕೊಡಲಾಗದಿದ್ದರೆ, ಅವನೇ ಕಳ್ಳ ಅಥವಾ ಕದ್ದ ಮಾಲೆಂದು ತಿಳಿದು ಪಡೆದವನು ಎಂದು ನ್ಯಾಯಾಲಯ ಊಹಿಸಬಹುದೆಂಬ ತತ್ತ್ವವನ್ನು 1872ರ ಸಾಕ್ಷ್ಯ ಅಧಿನಿಯಮದ 114ನೆಯ ಕಲಮು ಉದಾಹರಿಸಿತ್ತು; ಹೊಸ ಸಾಕ್ಷ್ಯ ಕಾನೂನಿನಲ್ಲಿಯೂ ಅದು ಮುಂದುವರಿದಿದೆ. 1963ರ ಕರ್ನಾಟಕ ಪೊಲೀಸ್ ಅಧಿನಿಯಮದ 98ನೆಯ ಕಲಮು, ತೃಪ್ತಿಕರ ವಿವರಣೆ ಇಲ್ಲದ ಸ್ವತ್ತನ್ನು ಹೊಂದಿರುವುದನ್ನೇ ಅಪರಾಧವಾಗಿಸುತ್ತದೆ.

‘ನಂಬಲು ಕಾರಣ’ ಎಂಬ ಮಾತು ಇಲ್ಲಿ ವಿಶೇಷ ವಿವೇಚನೆಗೆ ಅರ್ಹ. ಮನಸ್ಸಿನೊಳಗಿನ ತಿಳಿವಳಿಕೆಯನ್ನು ಹೊರಗಿನ ಕುರುಹುಗಳಿಂದಲೇ ಅಳೆಯಬೇಕಾಗುತ್ತದೆ. ಪೇಟೆಯ ದರಕ್ಕಿಂತ ತೀರ ಕಡಿಮೆ ಬೆಲೆ, ಹೊತ್ತಲ್ಲದ ಹೊತ್ತಿನ ಮಾರಾಟ, ಹೊಸದಾಗಿ ಕತ್ತರಿಸಿದ ತುದಿ, ಸುಟ್ಟ ಹೊದಿಕೆಯ ತಂತಿ, ಮಕ್ಕಳ ಕೈಯಲ್ಲಿ ಬಂದ ಭಾರಿ ಮಾಲು, ದೇವರ ಹೆಸರುಳ್ಳ ಪಾತ್ರೆ ಇವು ಅಂಥ ಕುರುಹುಗಳು. ಎಚ್ಚರವುಳ್ಳ ವ್ಯಾಪಾರಿ ಕಾನೂನು ಓದದೆಯೇ ಇವನ್ನು ಬಲ್ಲನು. ತನ್ನ ಕಸುಬಿನ ಅನುಭವದಿಂದ ಬಂದ ಈ ಅರಿವು ಅವನಿಗೆ ರಕ್ಷಣೆಯೂ ಹೌದು. ನ್ಯಾಯಾಲಯದಲ್ಲಿ ಅದೇ ಅವನ ವಿರುದ್ಧದ ವಾದವೂ ಆಗಬಹುದು.

ಎರಡನೆಯದು ನಿರ್ದಿಷ್ಟ ಸ್ವತ್ತುಗಳಿಗೆ ಸಂಬಂಧಿಸಿದ ವಿಶೇಷ ಕಾನೂನುಗಳು. 1950ರ ಟೆಲಿಗ್ರಾಫ್ ತಂತಿಗಳ ಅಕ್ರಮ ಸ್ವಾಧೀನ ಕಾಯ್ದೆಯು ಇಲಾಖೆಯ ತಾಮ್ರದ ತಂತಿಯನ್ನು ಹೊಂದಿರುವುದನ್ನೇ ಅಪರಾಧವಾಗಿ ಪರಿಗಣಿಸಿತ್ತು. ತಂತಿಯ ಕಾಲ ಮುಗಿದ ಮೇಲೆ 2023ರಲ್ಲಿ ಅದು ರದ್ದಾಯಿತು. 1966ರ ರೈಲ್ವೆ ಸ್ವತ್ತು (ಅಕ್ರಮ ಸ್ವಾಧೀನ) ಕಾಯ್ದೆ ಜಾರಿಯಲ್ಲಿದೆ. ಕದ್ದದ್ದೆಂದು ಯುಕ್ತವಾಗಿ ಶಂಕಿಸಬಹುದಾದ ರೈಲ್ವೆ ಸ್ವತ್ತು ಯಾರ ಬಳಿ ಇದೆಯೋ ಅವನೇ ಅದನ್ನು ನ್ಯಾಯವಾಗಿ ಪಡೆದುದನ್ನು ರುಜುವಾತು ಮಾಡಬೇಕು. ಇಲ್ಲವಾದರೆ ಮೊದಲ ಅಪರಾಧಕ್ಕೆ ಐದು ವರ್ಷಗಳವರೆಗೆ ಶಿಕ್ಷೆಯಾಗಬಹುದು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 136ನೆಯ ಕಲಮು ವಿದ್ಯುತ್ ಮಾರ್ಗ ಮತ್ತು ಸಾಮಗ್ರಿಗಳ ಕಳವನ್ನೂ 137ನೆಯ ಕಲಮು ಅಂಥ ಮಾಲನ್ನು ಕೊಳ್ಳುವುದನ್ನೂ ದಂಡನೀಯವಾಗಿಸಿವೆ. ಜೆಸ್ಕಾಂ ವ್ಯಾಪ್ತಿಯ ಈ ಜಿಲ್ಲೆಯಲ್ಲಿ ಪರಿವರ್ತಕದ ಸುರುಳಿಗೂ ಕಂಬದ ಅಲ್ಯೂಮಿನಿಯಂ ತಂತಿಗೂ ಅನ್ವಯಿಸುವುದು ಇದೇ. ಈ ಕಾನೂನುಗಳ ಸಾಮಾನ್ಯ ಲಕ್ಷಣವೆಂದರೆ ಅವು ವಸ್ತುವಿನಿಂದ ಆರಂಭವಾಗುತ್ತವೆ. ಹಳಿಯ ತುಂಡು, ಬಿಗಿಕೊಂಡಿ, ಇಲಾಖೆಯ ಮುದ್ರೆಯುಳ್ಳ ಭಾಗ ಇವು ಹೆಸರು ಕೊರೆಸಿದ ಕೊಡದಂತೆಯೇ ಒಡೆಯನನ್ನು ಹೇಳುತ್ತವೆ.

ಮೂರನೆಯದು ಪರವಾನಗಿ, ತೆರಿಗೆ ಮತ್ತು ತೂಕದ ಆಡಳಿತ. ಅಂಗಡಿಗೆ ನಗರಸಭೆ, ಪಟ್ಟಣ ಪಂಚಾಯಿತಿ ಅಥವಾ ಗ್ರಾಮ ಪಂಚಾಯಿತಿಯ ಪರವಾನಗಿ ಬೇಕು. ತಕ್ಕಡಿಯ ಮೇಲೆ 2009ರ ಕಾನೂನು ಮಾಪನ ಕಾಯ್ದೆಯ ಮುದ್ರೆ ಇರಬೇಕು. ಗುಜರಿಯನ್ನು ಮಾರುವ ಬಡವನ ಹಿತವನ್ನು ಕಾಯುವ ನಿಯಮ ಇದೊಂದೇ ಎನ್ನಬಹುದು. 2024ರ ಅಕ್ಟೋಬರ್ 10ರಿಂದ, ನೋಂದಣಿಯಿಲ್ಲದವರಿಂದ ಲೋಹದ ಗುಜರಿಯನ್ನು ಕೊಳ್ಳುವ ನೋಂದಾಯಿತ ವ್ಯಾಪಾರಿಯೇ ಸರಕು ಮತ್ತು ಸೇವಾ ತೆರಿಗೆಯನ್ನು ತೆರಬೇಕೆಂಬ ನಿಯಮ ಬಂದಿದೆ. ಇದರ ಗುರಿ ಕಳವಿನ ತಡೆಯಲ್ಲ, ತೆರಿಗೆ ವಂಚನೆಯ ತಡೆ. ಆದರೂ ಚಿಲ್ಲರೆ ಸಂಗ್ರಹದ ಮಾಲು ದೊಡ್ಡ ವ್ಯಾಪಾರಿಯ ಲೆಕ್ಕವನ್ನು ಪ್ರವೇಶಿಸುವ ಹಂತದಲ್ಲಿ ಇದರಿಂದ ಒಂದು ದಾಖಲೆ ಹುಟ್ಟುತ್ತದೆ.

ಜಪ್ತಿಯಾದ ಮಾಲಿನ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಠಾಣೆಯಲ್ಲಿ ಮುದ್ದೆಮಾಲಾಗಿ ಉಳಿದ ಪಂಪು ಅಥವಾ ಕೇಬಲ್ಲು ಒಡೆಯನಿಗೆ ಕಳುವಾದಷ್ಟೇ ದೂರ. ಪಂಚನಾಮೆ ಮತ್ತು ಛಾಯಾಚಿತ್ರಗಳನ್ನು ಇಟ್ಟುಕೊಂಡು ಮಾಲನ್ನು ಬೇಗ ಹಿಂದಿರುಗಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸೂಚಿಸಿತು. 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಈ ಕ್ರಮಕ್ಕೆ ಕಾಲಮಿತಿಯನ್ನೂ ಗೊತ್ತುಪಡಿಸಿದೆ. ಆದರೆ ಹಿಂದಿರುಗಿಸಬೇಕಾದರೆ ಮಾಲು ಯಾರದೆಂದು ತಿಳಿಯಬೇಕು. ಗುರುತಿಲ್ಲದ ತಂತಿಯ ಸಿಂಬಿಯನ್ನು ತನ್ನದೆಂದು ಯಾವ ರೈತನೂ ಸಾಧಿಸಲಾರನು.

ಹುಟ್ಟಿನ ಮೇಲಿನ ಅನುಮಾನ

ವಸ್ತುವಿನ ಗುರುತು ಅಳಿದಾಗ ಪ್ರಭುತ್ವವು ಮನುಷ್ಯರನ್ನು ಗುರುತು ಹಾಕಲು ತೊಡಗುತ್ತದೆ. ಈ ಸೀಮೆಯಲ್ಲಿ ಅದಕ್ಕೆ ಕಹಿಯಾದ ಇತಿಹಾಸವಿದೆ. 1871ರಲ್ಲಿ ಉತ್ತರ ಭಾರತದಲ್ಲಿ ಆರಂಭವಾಗಿ 1911ರಲ್ಲಿ ವಿಸ್ತಾರಗೊಂಡ ಅಪರಾಧಿ ಬುಡಕಟ್ಟುಗಳ ಕಾಯ್ದೆಯು ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಮಾಡಿತು. ಮುಂಬಯಿ ಕರ್ನಾಟಕದ ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಅವರನ್ನು ನೆಲೆಗೊಳಿಸಿದ ವಸಾಹತುಗಳಿದ್ದವು. ಆ ವಸಾಹತುಗಳ ಅಧಿಕಾರಿಯಾಗಿದ್ದ ಓ.ಎಚ್.ಬಿ. ಸ್ಟಾರ್ಟ್ ಅವರ ಕಚೇರಿ ಧಾರವಾಡದಲ್ಲಿತ್ತು. ಹೈದರಾಬಾದ್ ಸಂಸ್ಥಾನದಲ್ಲಿಯೂ ಇದೇ ಬಗೆಯ ಕಾನೂನು ಇದ್ದಿತು. ಪಟ್ಟಿಯಲ್ಲಿದ್ದವರು ಠಾಣೆಗೆ ಹಾಜರಿ ಕೊಡಬೇಕು, ಊರು ಬಿಡಲು ರಹದಾರಿ ಪಡೆಯಬೇಕು ಎಂಬುದು ಇಂಥ ಕಾನೂನುಗಳ ಕ್ರಮ.

ಕೊರಚ, ಕೊರವ ಸಮುದಾಯಗಳ ಇತಿಹಾಸವನ್ನು ಇಲ್ಲಿ ಸ್ಮರಿಸಬೇಕು. ಎತ್ತು ಕತ್ತೆಗಳ ಮೇಲೆ ಉಪ್ಪು ಮತ್ತು ಧಾನ್ಯ ಹೇರಿಕೊಂಡು ಕರಾವಳಿಯಿಂದ ಒಳನಾಡಿಗೆ ವ್ಯಾಪಾರ ಮಾಡುತ್ತಿದ್ದವರು ಅವರು. ವಸಾಹತುಶಾಹಿಯ ಉಪ್ಪಿನ ನೀತಿ ಮತ್ತು ರೈಲು ಮಾರ್ಗಗಳು ಆ ವ್ಯಾಪಾರವನ್ನು ಕಸಿದುಕೊಂಡವು. ಕಸುಬು ಹೋದ ಅಲೆಮಾರಿಗಳು ಆಡಳಿತದ ಕಣ್ಣಿಗೆ ಅನುಮಾನಾಸ್ಪದರಾದರು. ಅನಂತಶಯನಂ ಅಯ್ಯಂಗಾರ್ ಸಮಿತಿಯ ಶಿಫಾರಸಿನ ತರುವಾಯ 1952ರ ಆಗಸ್ಟ್ 31ರಂದು ಆ ಕಾಯ್ದೆ ರದ್ದಾಯಿತು. ಅದರ ಬೆನ್ನಿಗೆ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು, ಕರ್ನಾಟಕದ್ದು 1961ರದು. ವಿಮುಕ್ತ ಬುಡಕಟ್ಟುಗಳ ಜನರನ್ನು ಮನಬಂದಂತೆ ಬಂಧಿಸಲಾಗದೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 2024ರ ಅಕ್ಟೋಬರ್ 3ರ ಸುಕನ್ಯಾ ಶಾಂತಾ ತೀರ್ಪಿನಲ್ಲಿ ಒತ್ತಿಹೇಳಬೇಕಾಯಿತು. ಕಾಯ್ದೆ ಹೋದರೂ ಅದರ ನೆರಳು ಉಳಿದಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಗುಜರಿ ಆಯುವ ಮತ್ತು ತಿರುಗಿ ಕೊಳ್ಳುವ ಕೆಲಸದಲ್ಲಿ ಅಲೆಮಾರಿ ಹಿನ್ನೆಲೆಯವರೂ ಭೂಮಿಯಿಲ್ಲದ ಬಡವರೂ ಹೆಚ್ಚಾಗಿರುವುದರಿಂದ ಈ ಇತಿಹಾಸ ಪ್ರಸ್ತುತ ವಿಷಯಕ್ಕೆ ಹೊರತಾದುದಲ್ಲ. ಊರಲ್ಲಿ ಕಳವಾದಾಗ ಮೊದಲು ನೆನಪಾಗುವುದು ಮುಂಜಾನೆ ಓಣಿಯಲ್ಲಿ ಕೂಗುತ್ತ ಹೋದವನ ಮುಖ. ಅವನ ಬಳಿ ರಸೀದಿ ಇರುವುದಿಲ್ಲ. ಮನೆಯಾಕೆ ಹಳೆಯ ಬಕೆಟ್ಟಿಗೆ ರಸೀದಿ ಕೊಡುವ ವಾಡಿಕೆಯೂ ಇಲ್ಲ. ‘ತೃಪ್ತಿಕರ ವಿವರಣೆ’ಯನ್ನು ಅವನಿಂದ ಬೇಡುವುದೆಂದರೆ ಬಾಯಿಮಾತಿನ ವ್ಯವಹಾರದಲ್ಲಿ ಬದುಕುವವನಿಂದ ಕಾಗದವನ್ನು ಬೇಡುವುದು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಭಾಷೆ ಸರಕು ಮಾರುವವರನ್ನೂ ಸೇವೆ ನೀಡುವವರನ್ನೂ ಕುರಿತದ್ದು. ಗುಜರಿಯವನು ಬೀದಿಯಲ್ಲಿ ಕೊಳ್ಳುವವನಾದುದರಿಂದ ಅದರೊಳಗೆ ಸರಾಗವಾಗಿ ಸೇರುವುದಿಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಚಿಂದಿ ಆಯುವವರನ್ನು ಗುರುತಿಸಿ ಸ್ಥಳೀಯ ಸಂಸ್ಥೆಗಳ ವ್ಯವಸ್ಥೆಯೊಳಗೆ ತರಬೇಕೆಂದು ಹೇಳಿದುದು ಈ ದಿಕ್ಕಿನಲ್ಲಿ ಗಮನಾರ್ಹ ಹೆಜ್ಜೆ. ಅಲ್ಲಿ ನೋಂದಣಿಯ ಉದ್ದೇಶ ಕಾವಲಲ್ಲ, ಮಾನ್ಯತೆ.

ಇಂಗ್ಲೆಂಡಿನ ನಿದರ್ಶನ

ಹಳೆಯ ಲೋಹದ ವ್ಯಾಪಾರಿಗಳಿಗೆಂದೇ ಪ್ರತ್ಯೇಕ ಕಾನೂನು ಮಾಡಿದ ದೇಶಗಳಲ್ಲಿ ಇಂಗ್ಲೆಂಡ್ ಮುಖ್ಯವಾದುದು. ಅಲ್ಲಿ 1861ರಲ್ಲಿಯೇ ಇಂಥ ಕಾಯ್ದೆ ಬಂದಿತ್ತು. 1964ರ ಕಾಯ್ದೆ ನೋಂದಣಿ ಮತ್ತು ಲೆಕ್ಕದ ಪುಸ್ತಕಗಳನ್ನು ವಿಧಿಸಿತು. ಲೋಹದ ಬೆಲೆ ಏರಿದಾಗ ರೈಲ್ವೆ ಕೇಬಲ್ಲು, ಚರ್ಚುಗಳ ಸೀಸದ ಚಾವಣಿ ಮುಂತಾದವುಗಳ ಕಳವು ವ್ಯಾಪಕವಾಗಿ, 2012ರ ಡಿಸೆಂಬರಿನಿಂದ ಗುಜರಿ ಲೋಹಕ್ಕೆ ನಗದು ಕೊಡುವುದನ್ನೇ ನಿಷೇಧಿಸಲಾಯಿತು. 2013ರ ಕಾಯ್ದೆ ಪರವಾನಗಿಯನ್ನು ಎರಡು ವಿಧವಾಗಿ ವಿಂಗಡಿಸಿತು: ಅಂಗಡಿಯುಳ್ಳವನಿಗೆ ಸ್ಥಳದ ಪರವಾನಗಿ, ತಿರುಗಿ ಕೊಳ್ಳುವವನಿಗೆ 'ಸಂಗ್ರಾಹಕನ ಪರವಾನಗಿ'. ಮಾರುವವನ ಹೆಸರು ವಿಳಾಸಗಳನ್ನು ಪರಿಶೀಲಿಸಿ ದಾಖಲಿಸುವುದು ಕಡ್ಡಾಯವಾಯಿತು.

ಈ ಮಾದರಿಯನ್ನು ಹಾಗೆಯೇ ತಂದು ಯಲಬುರ್ಗಾದ ಸಂತೆಯಲ್ಲಿ ನೆಡಲು ಬಾರದು. ನಗದು ನಿಷೇಧವು ದಿನದ ಕೂಲಿಯಂತೆ ಸಂಜೆಗೆ ಹಣ ಪಡೆಯುವ ಆಯುವವನ ಒಲೆಯನ್ನು ಆರಿಸಬಹುದು. ಆದರೆ ತಿರುಗುವವನನ್ನೂ ಅಂಗಡಿಯವನನ್ನೂ ಬೇರೆಯಾಗಿ ಕಂಡುದು, ಅಂಗಡಿಯವನು ಬರೆದಿಡುವ ದಾಖಲೆಗೆ ಪ್ರಾಶಸ್ತ್ಯ ಕೊಟ್ಟುದು ಇಲ್ಲಿಯೂ ಚಿಂತನೆಗೆ ಅರ್ಹ.

ಪೂಜೆಯ ಲೋಹ, ಪುರಾತನ ಲೋಹ

ಜಾನಪದ ವಸ್ತು ಸಂಸ್ಕೃತಿಗೆ ಗುಜರಿಯಿಂದ ಒದಗುವ ನಷ್ಟ ಇನ್ನೊಂದು ಬಗೆಯದು. ಗುಡಿಯ ಗಂಟೆ, ಜಾಗಟೆ, ಕೊಂಬು ಕಹಳೆಗಳು, ದೇವರ ಹಿತ್ತಾಳೆಯ ಮುಖ, ಸಮೆ, ಗೆಜ್ಜೆ ಇವು ತೂಕಕ್ಕೆ ಬಿದ್ದಾಗ ಅವುಗಳ ಅರ್ಥವೆಲ್ಲ ಕಿಲೋಗ್ರಾಂ ಲೆಕ್ಕಕ್ಕೆ ಇಳಿಯುತ್ತದೆ. ಇವುಗಳಲ್ಲಿ ಕೆಲವು ಕಳವಿನ ಮಾಲು. ಹಲವು ಮಾತ್ರ ಒಡೆಯರೇ ಮಾರಿದವು. ಸ್ಟೀಲು, ಪ್ಲಾಸ್ಟಿಕ್ಕು ಬಂದ ಮೇಲೆ ಕಲಾಯಿ ಹಾಕಿಸಬೇಕಾದ ಹಿತ್ತಾಳೆ ಪಾತ್ರೆ ಮನೆಗೆ ಭಾರವಾಯಿತು. 1972ರ ಪುರಾತನ ವಸ್ತುಗಳು ಮತ್ತು ಕಲಾ ಸಂಪತ್ತು ಕಾಯ್ದೆಯು ನೂರು ವರ್ಷಗಳಿಗೆ ಕಡಿಮೆಯಿಲ್ಲದ ಕಲಾವಸ್ತುಗಳನ್ನು ಪುರಾತನ ವಸ್ತುಗಳೆಂದು ಕರೆದು, ಅವುಗಳ ಮಾರಾಟವನ್ನು ಪರವಾನಗಿಗೆ ಒಳಪಡಿಸಿತು. ಕಾಯ್ದೆಯ ಕಣ್ಣಿನಲ್ಲಿ ಗುಜರಿ ಅಂಗಡಿಯವನು ಪುರಾತನ ವಸ್ತುಗಳ ವ್ಯಾಪಾರಿಯಲ್ಲ. ಆದರೆ ಹಳ್ಳಿಯಿಂದ ಬಂದ ಹಳೆಯ ಗಂಟೆಯನ್ನು ಕರಗುವ ಮೊದಲು ಕಾಣುವವನು ಅವನೊಬ್ಬನೇ. ಪಾತ್ರೆಯ ಮೇಲಿನ ಚುಕ್ಕಿ ಅಕ್ಷರಗಳನ್ನು ದಾಖಲಿಸುವ ಕೆಲಸವನ್ನು ವಸ್ತುಸಂಗ್ರಹಾಲಯಗಳೂ ವಿಶ್ವವಿದ್ಯಾಲಯಗಳೂ ಆರಂಭಿಸಬೇಕಾದ ಜಾಗ ಈ ಅಂಗಡಿಯೇ ಆಗಿದೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಕದ್ದ ಲೋಹವನ್ನು ಪತ್ತೆಹಚ್ಚಲು ಸಮಾಜಕ್ಕೆ ಎರಡೇ ದಾರಿಗಳಿವೆ: ವಸ್ತುವಿಗೆ ಗುರುತು ಹಾಕುವುದು ಮತ್ತು ಮನುಷ್ಯನಿಗೆ ಗುರುತು ಹಾಕುವುದು. ಪಾರಂಪರಿಕ ಗ್ರಾಮವು ಮೊದಲನೆಯದನ್ನು ಚೆನ್ನಾಗಿ ಬಲ್ಲುದಾಗಿತ್ತು. ಕರಗುವ ಲೋಹ, ಹೊಲದ ನಡುವಿನ ಯಂತ್ರ, ಅಪರಿಚಿತರ ಪೇಟೆ ಇವು ಆ ಬಲ್ಲವಿಕೆಯನ್ನು ಮೀರಿ ಬೆಳೆದಾಗ ಕಾನೂನು ಎರಡನೆಯದರತ್ತ ವಾಲಿತು. ವಾಲಿದ ಭಾರ ಬಿದ್ದದ್ದು ಸರಪಳಿಯ ಅತಿ ಸಣ್ಣ ಕೊಂಡಿಯ ಮೇಲೆ.

ರೈತನ ನಷ್ಟ ನಿಜವಾದುದು, ನಿಯಂತ್ರಣ ಬೇಡವೆನ್ನಲಾಗದು. ಅದು ಎಲ್ಲಿ ನಿಲ್ಲಬೇಕು ಎಂಬುದೇ ಪ್ರಶ್ನೆ. ಕಬ್ಬಿಣದ ಮಟ್ಟಿಗೆ ಕಾರ್ಖಾನೆಯ ಬಾಗಿಲು ಮತ್ತು ಲಾರಿ ಲೆಕ್ಕದ ವ್ಯಾಪಾರಿಯ ಪುಸ್ತಕ ತಕ್ಕ ಜಾಗಗಳು. ತಾಮ್ರ ಮತ್ತು ಅಲ್ಯೂಮಿನಿಯಂ ತಂತಿಗಳ ಮಟ್ಟಿಗೆ, ಅವು ಮೂಸೆಗೆ ಬೀಳುವ ಮೊದಲೇ ತಡೆಯುವಂತೆ ಅಂಗಡಿಯಲ್ಲಿ ಸರಳವಾದ ಕನ್ನಡ ದಾಖಲೆ ಇರಬೇಕು. ಸುಟ್ಟ ತಂತಿಯನ್ನು ಕೊಳ್ಳುವುದಿಲ್ಲವೆಂಬ ಕಟ್ಟುಪಾಡು ಬೇಕು. ಪಂಪು, ಕೇಬಲ್ಲು, ಪರಿವರ್ತಕದ ಭಾಗಗಳ ಮೇಲೆ ರೈತನೂ ಇಲಾಖೆಯೂ ಅಳಿಸಲಾಗದ ಗುರುತು ಹಾಕುವುದು ತವರಿನ ಕೊಡಕ್ಕೆ ಹೆಸರು ಕೊರೆಸಿದ ಪದ್ಧತಿಯ ಮುಂದುವರಿಕೆಯೇ ಆಗುತ್ತದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಹೇಳುವಂತೆ, ಕಳವಾದ ಮೇಲೆ ತಳ್ಳುಗಾಡಿಯವನನ್ನು ಹಿಡಿಯುವುದರಿಂದ ಹೊಲಕ್ಕೆ ನೀರು ಬರುವುದಿಲ್ಲ.

ತಿರುಗಿ ಕೊಳ್ಳುವವರಿಗೂ ಬೈಲಕಮ್ಮಾರರಿಗೂ ಸ್ಥಳೀಯ ಸಂಸ್ಥೆಗಳು ಗುರುತಿನ ಚೀಟಿ ಕೊಡುವುದಾದರೆ ಅದು ಅವರ ಕಸುಬಿನ ಹಕ್ಕಿನ ಪತ್ರವಾಗಬೇಕು. ಹಿಂದಿನ ರಹದಾರಿ ಮತ್ತು ಹಾಜರಿ ಪುಸ್ತಕಗಳ ಹೊಸ ರೂಪವಾಗಬಾರದು. ಕೊಪ್ಪಳ ಸೀಮೆಯಲ್ಲಿ ಈ ಎರಡರ ನಡುವಿನ ವ್ಯತ್ಯಾಸವನ್ನು ತಮ್ಮ ಹಿರಿಯರ ಬದುಕಿನಿಂದಲೇ ಅರಿತ ಕುಟುಂಬಗಳಿವೆ. ಅವರ ಮೌಖಿಕ ಚರಿತ್ರೆಯನ್ನು ಸಂಗ್ರಹಿಸುವುದು ಜಾನಪದ ಅಧ್ಯಯನದ ಮುಂದಿರುವ ಕೆಲಸ. ಆ ಚರಿತ್ರೆಯನ್ನು ಓದಿ ನಿಯಮ ರೂಪಿಸುವುದು ಆಡಳಿತದ ಕೆಲಸ.